ಅಕ್ಕನಿಗೆ ಎಪ್ಪತ್ತು ತುಂಬಿತ್ತು

ನನ್ನ ಅಕ್ಕನ ವಯಸ್ಸು ಎಷ್ಟೆಂದು ನನಗೆ ಸರಿಯಾಗಿ ಗೊತ್ತಾದದ್ದು ನನ್ನ ಅರವತ್ತಮೂರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳು ನನಗಿಂತ ದೊಡ್ಡವಳು, ಅಷ್ಟೇ. ನಾವಿಬ್ಬರೂ ಹುಟ್ಟಿದ್ದು ಹಳಿಯಾಳ ಹತ್ತಿರದ ತೇರಗಾಂವದಲ್ಲಿ. ಅವಳು ಮದುವೆಯಾಗಿ ಮುಂಡಗೋಡ ಕಡೆಯ ಪಾಳಾಕ್ಕೆ ಹೋದಳು. ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟರ್ ಆಗಿ ಸೇರಿ, ಅಲ್ಲಿಯೇ ನಿವೃತ್ತನಾಗಿ, ಅಲ್ಲಿಯೇ ಉಳಿದೆ.

ಹೋದ ವರ್ಷ ಮಳೆಗಾಲದ ಕೊನೆಗೆ ಅಳಿಯ, ಅಂದರೆ ಅಕ್ಕನ ಮಗ, ಫೋನು ಮಾಡಿ, ಅವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ ಅಂದ. ಅವನೇ ಎರಡು ತಿಂಗಳ ಹಿಂದೆ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡು, ಕೋಲು ಹಿಡಿದು ಓಡಾಡುತ್ತಿದ್ದ. ಹಾಗಾಗಿ ನಾನೇ ಪಾಳಾಕ್ಕೆ ಹೋಗಿ ಅಕ್ಕನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯದ ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು, ಗುಳಿಗೆಯ ಮೇಲೆ ಒಂದೆರಡು ತಿಂಗಳು ತಡೆಯಬಹುದು, ಅದಕ್ಕಿಂತ ಹೆಚ್ಚು ಬೇಡ ಎಂದರು ಡಾಕ್ಟರು. ನಾನು ಧೈರ್ಯದಿಂದಲೇ ಕೆಳಗಿನ ಕೌಂಟರಿಗೆ ಹೋದೆ. ಅಕ್ಕನ ಮನೆಗೆ ಬಡವರಿಗೆ ಕೊಡುವ ಸರಕಾರಿ ಆರೋಗ್ಯ ಕಾರ್ಡು ಇತ್ತಲ್ಲ.

ಅಲ್ಲಿ ಕುಳಿತಿದ್ದ ಹುಡುಗಿ ಕಂಪ್ಯೂಟರು ನೋಡಿ, ಆ ಕಾರ್ಡಿನ ಹಣ ಮನೆಯವರಿಗೆಲ್ಲ ಸೇರಿ ವರ್ಷಕ್ಕೆ ಇಷ್ಟು ಎಂದು ಇರುತ್ತದೆ, ಈ ವರ್ಷದ್ದರಲ್ಲಿ ಹೆಚ್ಚಿನ ಪಾಲು ನಿಮ್ಮ ಅಳಿಯನ ಕಾಲಿನ ಆಪರೇಶನ್ನಿಗೇ ಹೋಗಿದೆ, ಉಳಿದದ್ದು ಇದಕ್ಕೆ ಸಾಲುವುದಿಲ್ಲ ಎಂದಳು. ನಾನು ಕಾಗದ ಎತ್ತಿಕೊಂಡು ಹೊರಟೆ. ನನ್ನ ಮುಖ ನೋಡಿ ಏನನ್ನಿಸಿತೋ, ಆಕೆ ಮತ್ತೆ ಕರೆದಳು.

"ಕಾಕಾ, ಅಜ್ಜಿಗೆ ಎಪ್ಪತ್ತ ತುಂಬೇತೇನ್ರಿ? ತುಂಬಿದ್ರ ಅವರ ಹೆಸರಲೇ ಬ್ಯಾರೆ ಕಾರ್ಡ್ ಆಗತೈತಿ. ಮನಿ ಕಾರ್ಡ್ ಇದ್ರೂ ನಡೀತೈತಿ, ಅದರ ಮ್ಯಾಲ ಇದು. ಇದರಾಗ ಮನಿಯವರು ಪಾಲ ಕೇಳಾಂಗಿಲ್ಲ, ಅವರೊಬ್ಬರಿಗೇ."

ತುಂಬಿರಬೇಕು ಎಂದು ಆಧಾರ್ ಕಾರ್ಡು ಕೊಟ್ಟೆ. ಆಕೆ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಅದರ ಪ್ರಕಾರ ಅಕ್ಕನಿಗೆ ಅರವತ್ತೈದು.

ಆ ಅರವತ್ತೈದು ಎಲ್ಲಿಂದ ಬಂತೆಂದು ನನಗೆ ಆ ಕ್ಷಣವೇ ನೆನಪಾಯಿತು. ವರ್ಷಗಳ ಹಿಂದೆ ಪಾಳಾದಲ್ಲಿ ಆಧಾರ್ ಮಾಡಿಸುವಾಗ ನಾನೇ ಅವಳ ಜೊತೆ ಸಾಲಿನಲ್ಲಿ ನಿಂತಿದ್ದೆ. ಹುಟ್ಟಿದ ತಾರೀಖು ಕೇಳಿದಾಗ ಅಕ್ಕ ನನ್ನ ಕಡೆ ನೋಡಿದಳು. ಹಿಂದೆ ಜನ ಕಾಯುತ್ತಿದ್ದರು, ನನಗೆ ಬಸ್ಸಿನ ಅವಸರ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಜನವರಿ ಒಂದು ಅಂತ ಹಾಕಿಬಿಡಿ ಎಂದಿದ್ದೆ. ನನ್ನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು ಎರಡೇ ವರ್ಷಕ್ಕೆ ದೊಡ್ಡವಳು ಹೇಗಾದಾಳು ಎಂದು ಆಗ ಹೊಳೆಯಲೇ ಇಲ್ಲ.

ದಾಂಡೇಲಿಗೆ ಬಂದು ಬೇರೆ ದಾರಿ ಹುಡುಕಿದೆ. ಕಾರ್ಖಾನೆಯಿಂದ ನಿವೃತ್ತರಾದ ನಾವೆಲ್ಲ ಗುಂಪಾಗಿ ಮಾಡಿಸಿದ ವಿಮೆಯಲ್ಲಿ ಅವಳ ಹೆಸರು ಸೇರಿಸಲು ಬರುತ್ತದೆಯೇ ಎಂದು ವಿಚಾರಿಸಿದೆ. ಹೆಂಡತಿಗೆ ಬರುತ್ತದೆ, ಒಡಹುಟ್ಟಿದವರಿಗೆ ಬರುವುದಿಲ್ಲ ಎಂದರು. ಪರಿಚಯದ ವಿಮೆ ಏಜೆಂಟರು ಹೊಸ ಪಾಲಿಸಿಯ ಕಾಗದ ತಂದರು. ಆದರೆ ಪ್ರಾಮಾಣಿಕ ಮನುಷ್ಯ. ಮೊದಲೇ ಇರುವ ಕಾಯಿಲೆಗೆ ಎರಡು ಮೂರು ವರ್ಷ ಕಾಯಬೇಕಾಗುತ್ತದೆ, ನಿಮ್ಮ ಅಕ್ಕನಿಗೆ ಇದು ಈಗ ಉಪಯೋಗಕ್ಕೆ ಬರುವುದಿಲ್ಲ ಎಂದು ತಾವೇ ಹೇಳಿ ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. ಅವರು ಆ ದಿನ ನನ್ನಿಂದ ಸಹಿ ಮಾಡಿಸಿಕೊಂಡು ಹೋಗಬಹುದಿತ್ತು.

ಉಳಿದದ್ದು ಒಂದೇ ದಾರಿ, ಅಕ್ಕನ ನಿಜವಾದ ವಯಸ್ಸಿಗೆ ಪುರಾವೆ ತರುವುದು. ಪಾಳಾದಲ್ಲಿ ಪಂಚಾಯ್ತಿಯ ಹತ್ತಿರ ಆನ್‌ಲೈನ್ ಅರ್ಜಿ ತುಂಬಿ ಕೊಡುವ ಹೆಣ್ಣುಮಗಳು, ಜನನದ ದಾಖಲೆ ಇಲ್ಲದಿದ್ದರೆ ಶಾಲೆಯ ದಾಖಲೆ ಆಗುತ್ತದೆ, ತಾರೀಖು ತಿದ್ದಲು ಒಂದೇ ಸಲ ಅವಕಾಶ, ಹಾಗಾಗಿ ಪಕ್ಕಾ ಕಾಗದ ತನ್ನಿ ಎಂದು ಎಚ್ಚರಿಸಿದ್ದಳು. ಅಕ್ಕ ಶಾಲೆಯ ಮಾತು ಬಂದಾಗಲೆಲ್ಲ ನಾನೆಲ್ಲಿ ಸಾಲಿ ಕಲಿತವಳು ಎನ್ನುತ್ತಿದ್ದಳು. ನಾನೂ ಅದನ್ನೇ ನಂಬಿದ್ದೆ. ಈಗ ಒತ್ತಾಯ ಮಾಡಿ ಕೇಳಿದಾಗ, ಒಂದಿಷ್ಟು ದಿನ ಹೋಗಿದ್ದೆ, ಹೆಸರು ಬರೆದುಕೊಂಡಿದ್ದರೋ ಇಲ್ಲವೋ ಗೊತ್ತಿಲ್ಲ ಎಂದಳು.

ಒಂದು ಸೋಮವಾರ ಬೆಳಿಗ್ಗೆ ಇಬ್ಬರೂ ತೇರಗಾಂವಕ್ಕೆ ಹೋದೆವು. ನೀನು ಬರುವುದು ಬೇಡ ಎಂದರೂ ಅವಳು ಕೇಳಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿ, ಚಹಾ ತರಿಸಿ, ಹಳೆಯ ಕಬ್ಬಿಣದ ಕಪಾಟಿನಿಂದ ದಾಖಲಾತಿ ರಜಿಸ್ಟರುಗಳನ್ನು ಒಂದೊಂದಾಗಿ ಇಳಿಸಿದರು. ಅಂಚು ಗೆದ್ದಲು ತಿಂದ ಪುಸ್ತಕಗಳು. ಯಾವ ವರ್ಷವೆಂದು ನಮಗೆ ಗೊತ್ತಿರಲಿಲ್ಲವಾದ್ದರಿಂದ ಆಕೆ ಅಪ್ಪನ ಹೆಸರು ಮತ್ತು ಅಡ್ಡಹೆಸರು ಹಿಡಿದು ಸಾಲು ಸಾಲಾಗಿ ಬೆರಳಾಡಿಸುತ್ತಾ ಹೋದರು. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಮಕ್ಕಳು ಉಂಡು ತಟ್ಟೆ ತೊಳೆದು ಒಳಗೆ ಹೋದರು. ಆಕೆ ಮಾತ್ರ ತಮ್ಮ ಡಬ್ಬಿ ತೆರೆಯಲಿಲ್ಲ. ಮೂರನೆಯ ಪುಸ್ತಕದಲ್ಲಿ ಬೆರಳು ನಿಂತಿತು.

"ಇವರ ಹೌದೇನ್ರಿ ನೋಡ್ರಿ," ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಅಕ್ಕನ ಹೆಸರಿತ್ತು. ಹುಟ್ಟಿದ ತಾರೀಖು ಇತ್ತು. ಲೆಕ್ಕ ಹಾಕಿದರೆ ಎಪ್ಪತ್ತೆರಡು. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಒಂದಿಷ್ಟು ದಿನವಲ್ಲ, ಪೂರ್ತಿ ಎರಡು ಇಯತ್ತೆ ಪಾಸಾಗಿ ಮೂರನೆಯದರಲ್ಲಿದ್ದಳು. ಕೊನೆಯ ಕಾಲಮ್ಮಿನಲ್ಲಿ ಶಾಲೆ ಬಿಟ್ಟ ಕಾರಣ ಬರೆದಿದ್ದರು. ಸಣ್ಣ ತಮ್ಮನನ್ನು ನೋಡಿಕೊಳ್ಳಲು. ಬಿಟ್ಟ ತಿಂಗಳು ನಾನು ಹುಟ್ಟಿದ ಮರುತಿಂಗಳು.

ನಾನು ಅದನ್ನು ಗಟ್ಟಿಯಾಗಿ ಓದಿದೆ, ಅಕ್ಕ ಕೇಳಿಸಿಕೊಳ್ಳಲಿ ಎಂದು. ನನ್ನನ್ನು ಹೆತ್ತ ನಂತರ ಅವ್ವ ಬಹಳ ದಿನ ಹಾಸಿಗೆ ಹಿಡಿದಿದ್ದಳು ಎಂದು ಕೇಳಿದ್ದೆ. ಆ ದಿನಗಳಲ್ಲಿ ಮನೆ ಹೇಗೆ ನಡೆಯಿತೆಂದು ಕೇಳಿರಲಿಲ್ಲ. ಇದೇ ಶಾಲೆಯಲ್ಲಿ ಕಲಿತು, ಐಟಿಐ ಮುಗಿಸಿ, ನೌಕರಿ ಹಿಡಿದು, ಪಿಂಚಣಿಯವರೆಗೆ ಬಂದವನು ನಾನು.

"ನನಗ ಯಾಕ ಹೇಳಲಿಲ್ಲ ಅಕ್ಕಾ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ, ಮೂರನೆಯ ಇಯತ್ತೆಯ ಕಿಟಕಿಯ ಕಡೆ ನೋಡಿದಳು.

"ಹೇಳೂದೇನೈತಿ ತಮ್ಮಾ. ನಿನ್ನ ಎತ್ಕೊಂಡು ಬಂದು ಆ ಕಿಡಕಿ ಹಂತ್ಯಾಕ ನಿಂದರತಿದ್ದೆ. ಮಾಸ್ತರು ಬೈತಿರಲಿಲ್ಲ. ನೀನ ಅಳ್ತಿದ್ದಿ, ಅದಕ್ಕ ಹೊಳ್ಳಿ ಹೋಗ್ತಿದ್ದೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ಮುಖ ತಗ್ಗಿಸಿ ಪ್ರಮಾಣಪತ್ರ ಬರೆಯತೊಡಗಿದರು. ಬರೆದು, ಮೊಹರು ಒತ್ತಿ, ಎದ್ದು ನಿಂತು ಎರಡೂ ಕೈಯಲ್ಲಿ ಅದನ್ನು ಅಕ್ಕನಿಗೇ ಕೊಟ್ಟರು.

ಆಮೇಲಿನದು ಕಾಯುವ ಕೆಲಸ. ಹಳಿಯಾಳದ ಆಧಾರ್ ಕೇಂದ್ರದಲ್ಲಿ ಕಾಗದ ಕೊಟ್ಟೆವು. ಒಮ್ಮೆ ಪ್ರಮಾಣಪತ್ರದ ಪ್ರತಿ ಮಸುಕಾಗಿದೆ ಎಂದು ಅರ್ಜಿ ವಾಪಸು ಬಂತು, ಮತ್ತೆ ಹೋಗಿ ಕೊಟ್ಟೆವು. ಐದನೆಯ ವಾರ ತಾರೀಖು ತಿದ್ದಿ ಬಂತು. ಅದೇ ದಿನ ಪಾಳಾದ ಹೆಣ್ಣುಮಗಳು ಎಪ್ಪತ್ತು ದಾಟಿದವರ ಕಾರ್ಡಿಗೆ ಅಕ್ಕನ ಹೆಸರು ನೋಂದಾಯಿಸಿದಳು. ಆದಾಯದ ಪ್ರಮಾಣಪತ್ರವೂ ಬೇಕಾದೀತೆಂದು ನಾನು ತೆಗೆದುಕೊಂಡು ಹೋಗಿದ್ದೆ. ಇದಕ್ಕೆ ಬಡವ ಶ್ರೀಮಂತ ಎಂದಿಲ್ಲ, ವಯಸ್ಸೊಂದೇ ಸಾಕು ಎಂದು ಆಕೆ ನಕ್ಕು ಅದನ್ನು ವಾಪಸು ಕೊಟ್ಟಳು. ಫೋನಿಗೆ ಬಂದ ಸಂಖ್ಯೆ ಹೇಳಿ, ಫೋಟೋ ತೆಗೆಸಿಕೊಂಡಿದ್ದಷ್ಟೇ ನಮ್ಮ ಕೆಲಸ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹುಬ್ಬಳ್ಳಿಯಲ್ಲಿ ಅಕ್ಕನಿಗೆ ಸ್ಟೆಂಟ್ ಹಾಕಿದರು. ಮೂರನೆಯ ದಿನ ನಡೆದುಕೊಂಡೇ ಹೊರಗೆ ಬಂದಳು. ಕೌಂಟರಿನ ಹುಡುಗಿಯನ್ನು ಹುಡುಕಿಕೊಂಡು ಹೋದೆ, ಆಕೆಗೆ ಆ ದಿನ ರಜೆ. ಆಕೆ ಮತ್ತೆ ಕರೆಯದೆ ಇದ್ದಿದ್ದರೆ ಈ ಕಾರ್ಡಿನ ಸುದ್ದಿಯೇ ನನಗೆ ತಿಳಿಯುತ್ತಿರಲಿಲ್ಲ. ಧನ್ಯವಾದ ಹೇಳುವುದು ಹಾಗೆಯೇ ಉಳಿದಿದೆ.

ಅಕ್ಕನನ್ನು ಪಾಳಾಕ್ಕೆ ಕಳಿಸದೆ ಒಂದು ತಿಂಗಳು ದಾಂಡೇಲಿಯಲ್ಲಿ ಇಟ್ಟುಕೊಂಡೆವು. ಸಂಜೆ ನಾನೂ ಅವಳೂ ಕಾಳಿ ನದಿಯ ಸೇತುವೆಯವರೆಗೆ ನಿಧಾನಕ್ಕೆ ನಡೆದು ಬರುತ್ತಿದ್ದೆವು. ಒಂದು ಸಂಜೆ, ನೀನು ಸಾಲಿ ಬಿಟ್ಟಿದ್ದಕ್ಕೆ ನಾನು ಕಲಿತೆ ಎಂದು ಹೇಳಲು ಬಾಯಿ ತೆರೆದೆ. ಅವಳು ಪೂರ್ತಿ ಕೇಳಲಿಲ್ಲ. ಪಾಳಾದಲ್ಲಿ ತಮ್ಮ ಓಣಿಯ ಇಬ್ಬರು ಮುದುಕಿಯರ ಹೆಸರು ಹೇಳಿ, ಅವರಿಗೂ ಎಪ್ಪತ್ತು ದಾಟಿರಬೇಕು, ಬರುವ ವಾರ ನನ್ನನ್ನು ಬಿಡಲು ಬಂದಾಗ ಅವರ ಕಾಗದ ನೋಡು ಎಂದಳು. ಆಗಲಿ ಎಂದೆ. ಅವಳು ನನ್ನ ತೋಳು ಹಿಡಿದುಕೊಂಡಳು. ಮಾತಾಡುತ್ತಲೇ ಮನೆಯ ಏರು ಹತ್ತಿದಳು, ಒಮ್ಮೆಯೂ ನಿಲ್ಲಲಿಲ್ಲ.