ಅತ್ತೆಯ ಚಪ್ಪರಕ್ಕೆ ನಾನು ಹಾಕಿದ ಕತ್ತರಿ

ಇವತ್ತು ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಮನೆಯ ಮುಂದೆ ಪೇಪರ್ ಓದುತ್ತಾ ಕುಳಿತಿದ್ದೆ. ಕತ್ತಿನ ಹಿಂದೆ ತಣ್ಣಗೆ ಒಂದು ಹನಿ ಬಿತ್ತು. ಕಾಗೆಯ ಕೆಲಸವೇ ಇರಬೇಕೆಂದು ಬಯ್ಯಲು ತಲೆಯೆತ್ತಿದರೆ ಕಾಗೆಯಿಲ್ಲ. ನಿನ್ನೆ ನಾನೇ ಕತ್ತರಿಸಿದ್ದ ದ್ರಾಕ್ಷಿ ಬಳ್ಳಿಯ ತುದಿಯಲ್ಲಿ ಇನ್ನೊಂದು ಹನಿ ತಯಾರಾಗುತ್ತಿತ್ತು. ದ್ರಾಕ್ಷಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಕತ್ತರಿ ಹಾಕಿದ ಮೇಲೆ ಕೆಲವು ದಿನ ಬಳ್ಳಿ ಹೀಗೆ ನೀರು ಸುರಿಸುತ್ತದೆ, ಅದರಿಂದ ಗಿಡಕ್ಕೇನೂ ಆಗುವುದಿಲ್ಲ. ಈಗ ಎಷ್ಟು ಸಲೀಸಾಗಿ ಹೇಳಿಬಿಟ್ಟೆ ನೋಡಿ! ಹನ್ನೆರಡು ವರ್ಷದ ಹಿಂದೆ ಇದೇ ನೀರು ನಮ್ಮ ಮನೆಯಲ್ಲಿ ಎಬ್ಬಿಸಿದ ರಂಪ ಅಷ್ಟಿಷ್ಟಲ್ಲ. ಪುರುಸೊತ್ತಿದ್ದರೆ ಕುಳಿತುಕೊಳ್ಳಿ, ಹೇಳುತ್ತೇನೆ.

ಮೊದಲು ಮನೆಯ ಅಳತೆ. ನಾನು ಟೈಲರ್, ಚಾಮರಾಜಪುರಂನಲ್ಲಿ ಒಂದು ಸಣ್ಣ ಅಂಗಡಿ. ಅಳತೆ ಹೇಳದೆ ನನಗೆ ಮಾತು ಶುರುವಾಗುವುದಿಲ್ಲ. ಮನೆ ಇರುವುದು ಅಶೋಕಪುರಂನಲ್ಲಿ, ಇಪ್ಪತ್ತು-ಮೂವತ್ತರ ಸೈಟು. ಮನೆ ಕಟ್ಟಿ, ಸ್ಕೂಟರ್ ನಿಲ್ಲಿಸಿ, ಕೊನೆಗೆ ಉಳಿದದ್ದು ಕಾಂಪೌಂಡಿನ ಪಕ್ಕ ಎರಡೂವರೆ ಅಡಿ ಅಗಲದ ಮಣ್ಣು. ಅದಕ್ಕೂ ಸಿಮೆಂಟ್ ಬಳಿಸಬೇಕೆಂದು ನಾನು ಯೋಚಿಸುತ್ತಿದ್ದಾಗಲೇ ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿ ಮಂಜುಳಾಳ ತಾಯಿ ಚಿಕ್ಕತಾಯಮ್ಮ, ಬಂದಿಳಿದರು. ಮಾವ ತೀರಿಕೊಂಡ ಮೇಲೆ ಅವರು ಮಂಡಕಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಒಂದು ವಾರ ಇದ್ದು ಹೋಗುತ್ತೇನೆ ಎಂದೇ ಬಂದದ್ದು. ಆದರೆ ಸೆರಗಿನ ಗಂಟು ಬಿಚ್ಚಿದರೆ ಅದರೊಳಗೆ ಹೀರೆ, ಪಡವಲ, ಚಪ್ಪರದವರೆ ಬೀಜ! ವಾರಕ್ಕೆಂದು ಬರುವವರು ಬೀಜ ತರುತ್ತಾರೆಯೇ, ನೀವೇ ಹೇಳಿ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಹೋಗುತ್ತೇನೆ ಎಂದು ಅವರು ಹೇಳಲಿಲ್ಲ, ಹೋಗಿ ಎಂದು ಯಾರೂ ಹೇಳಲಿಲ್ಲ. ಇರಿ ಎಂದೂ ಯಾರೂ ಹೇಳಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಆ ಎರಡೂವರೆ ಅಡಿಯಲ್ಲಿ ಅವರು ಮಾಡಿದ ಬೇಸಾಯವನ್ನು ನೋಡಬೇಕಿತ್ತು. ಹಳೆಯ ಕಬ್ಬಿಣದ ಪೈಪು, ಬಿದಿರು ಗಳ, ನನ್ನ ಅಂಗಡಿಯ ಬಟ್ಟೆ ಚೂರುಗಳನ್ನು ಹೊಸೆದು ಮಾಡಿದ ಹಗ್ಗ, ಇಷ್ಟರಲ್ಲೇ ಚಪ್ಪರ ಎದ್ದಿತು. ಪಡವಲಕಾಯಿ ಡೊಂಕಾಗದಿರಲೆಂದು ಒಂದೊಂದರ ತುದಿಗೂ ಕಲ್ಲು ಕಟ್ಟುತ್ತಿದ್ದರು. ಸ್ಕೂಟರ್ ತೆಗೆಯಲು ಬಗ್ಗಿದವನ ಹಣೆಗೆ ಆ ಕಲ್ಲು ದಿನಕ್ಕೊಂದು ಸಲವಾದರೂ ಬಡಿಯುತ್ತಿತ್ತು. ಎಳೆಯ ಹೂಪಿಂದೆಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಲ್ಲಿ ತೋರಿಸಬೇಕು. ನಾನು ಮೂಢನಂಬಿಕೆ ಎಂದು ಒಳಗೊಳಗೇ ನಗುತ್ತಿದ್ದೆ, ಆದರೂ ಬೆರಳು ಮಡಚುತ್ತಿದ್ದೆ. ಹೀರೆಕಾಯಿ ಚಟ್ನಿ ತಿನ್ನುವವನು ನಾನೇ ತಾನೆ?

ಇಲ್ಲೊಂದು ವಿಷಯ ಹೇಳಲೇಬೇಕು. ಅತ್ತೆ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಅದು ಅವರ ಕಾಲದ ರೀತಿ. ಅತ್ತೆಯಾದವಳು ಅಳಿಯನ ಎದುರಿಗೆ ಕೂರಬಾರದು, ಮುಖ ಕೊಟ್ಟು ಮಾತಾಡಬಾರದು. ನಾನು ಊಟಕ್ಕೆ ಕುಳಿತಿದ್ದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, "ಮಂಜು, ಸಾರು ಬೇಕಾ ಕೇಳವ್ವ" ಎನ್ನುತ್ತಿದ್ದರು. ನನಗೂ ಅವರಿಗೂ ಇದ್ದದ್ದು ಎರಡು ಮಾರು ದೂರ. ಅವರ ಪ್ರಶ್ನೆ ನನಗೆ ಕೇಳಿಸುತ್ತಿತ್ತು, ನನ್ನ ಉತ್ತರ ಅವರಿಗೆ ಕೇಳಿಸುತ್ತಿತ್ತು. ಆದರೂ ಮಂಜುಳಾ ನಡುವೆ ನಿಂತು ಎರಡನ್ನೂ ಇನ್ನೊಮ್ಮೆ ಹೇಳಬೇಕಿತ್ತು. ನನಗೂ ಇದು ಅನುಕೂಲವೇ ಆಗಿತ್ತು. ಗಿರಾಕಿಗಳ ಹತ್ತಿರ ದಿನವಿಡೀ ಮಾತಾಡಿ ಬಂದವನಿಗೆ ಮನೆಯಲ್ಲಿ ಒಬ್ಬರಾದರೂ ಮಾತಾಡದವರಿದ್ದರೆ ನೆಮ್ಮದಿ.

ದ್ರಾಕ್ಷಿ ತಂದವನು ಮಾತ್ರ ನಾನು. ದಸರೆಯ ಫಲಪುಷ್ಪ ಪ್ರದರ್ಶನಕ್ಕೆ ಹೋದವನು ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಿದ್ದ ಒಂದು ಕಡ್ಡಿಯನ್ನು ದೊಡ್ಡ ತಜ್ಞನಂತೆ ಆರಿಸಿ ತಂದೆ. ಕಪ್ಪು ದ್ರಾಕ್ಷಿ, ಎರಡು ವರ್ಷಕ್ಕೆ ಗೊಂಚಲು ಎಂದಿದ್ದ ಮಾರುವವನು. ತಂದವನು ಮರೆತೆ, ಸಾಕಿದವರು ಅತ್ತೆ. ಅಕ್ಕಿ ತೊಳೆದ ನೀರು ಅದಕ್ಕೆ, ಭಾನುವಾರ ಮಾಂಸ ತೊಳೆದ ನೀರು ಅದಕ್ಕೆ, ಬೀದಿಯಲ್ಲಿ ಹಸು ಸಗಣಿ ಹಾಕಿದರೆ ಅದೂ ಅದಕ್ಕೇ. ಬಳ್ಳಿ ಚಪ್ಪರ ಮುಚ್ಚಿತು, ತಾರಸಿ ಹತ್ತಿತು, ಪಕ್ಕದ ಮನೆಯ ಬಟ್ಟೆ ಹಗ್ಗವನ್ನೂ ಹಿಡಿಯಿತು. ಮೂರು ವರ್ಷವಾದರೂ ಒಂದು ಹೂವಿಲ್ಲ, ಬರೀ ಸೊಪ್ಪು. ಬೀದಿಯವರು ದ್ರಾಕ್ಷಿ ಸೊಪ್ಪಿನ ಸಾರು ಮಾಡಿ ಎಂದು ಕಿಚಾಯಿಸಿದರೆ ಅತ್ತೆ ಒಂದೇ ಮಾತು ಹೇಳುತ್ತಿದ್ದರು: "ಬರ್ತದೆ ಬುಡಿ. ಜಾಗ ಇಡ್ಕಂಡೈತೆ, ಕಾಯಿ ಬುಡದೆ ಎಲ್ಲೋದಾದು."

ಒಂದು ದಿನ ಅಂಗಡಿಗೆ ಪ್ಯಾಂಟ್ ಹೊಲಿಸಲು ದೇವನಹಳ್ಳಿ ಕಡೆಯವರೊಬ್ಬರು ಬಂದರು. ಊರಲ್ಲಿ ದ್ರಾಕ್ಷಿ ತೋಟವಿದ್ದವರು. ಸೊಂಟದ ಅಳತೆ ತೆಗೆಯುತ್ತಾ ನಮ್ಮ ಬಳ್ಳಿಯ ಕಥೆ ಹೇಳಿದೆ. ಅವರು ಜೋರಾಗಿ ನಕ್ಕರು, ಟೇಪು ಜಾರಿಹೋಯಿತು. ಕತ್ತರಿ ಹಾಕದ ದ್ರಾಕ್ಷಿ ಜನ್ಮದಲ್ಲಿ ಹಣ್ಣು ಬಿಡುವುದಿಲ್ಲವಂತೆ. ಮಳೆಗಾಲ ಮುಗಿಯುತ್ತಿದ್ದಂತೆ ಪ್ರತಿ ರೆಂಬೆಯಲ್ಲೂ ಚಿಗುರೊಡೆಯುವ ನಾಲ್ಕೈದು ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ಸವರಿಹಾಕಬೇಕು, ಒಂದೆಲೆಯೂ ಉಳಿಯಬಾರದು, ಆಮೇಲೆ ಬರುವ ಹೊಸ ಚಿಗುರಿನಲ್ಲೇ ಗೊಂಚಲು. ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೆ?

ಅದು ಪಿತೃಪಕ್ಷದ ಸಮಯ. ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆಂದು ಅತ್ತೆ ಮಂಡಕಳ್ಳಿಗೆ ಹೊರಟಿದ್ದರು. ನಾನು ಮಂಜುಳಾಳಿಗೆ ಎಲ್ಲವನ್ನೂ ವಿವರಿಸಿ, ಅವ್ವನಿಗೆ ಹೇಳಿಬಿಡು, ಬಳ್ಳಿಯನ್ನು ಪೂರ್ತಿ ಕತ್ತರಿಸುತ್ತೇನೆ, ಗಾಬರಿಯಾಗುವುದು ಬೇಡ ಎಂದೆ. ಅವಳು ಒಲೆಯ ಮೇಲಿನ ಹಾಲು ನೋಡುತ್ತಾ, "ಅವ್ವ, ಇವ್ರು ಚಪ್ಪರ ಒಂಚೂರು ಕ್ಲೀನ್ ಮಾಡ್ತಾರಂತೆ" ಎಂದಷ್ಟೇ ಹೇಳಿದಳು. ನಾನು ಹಜಾರದಲ್ಲಿಯೇ ಇದ್ದೆ, ಕೇಳಿಸಿಕೊಂಡೆ. ಸಾಲದು ಅನ್ನಿಸಿತು. ಎದ್ದುಹೋಗಿ ನಾನೇ ಹೇಳಬಹುದಿತ್ತು. ಮಾತು ಆಡದೇ ರೂಢಿಯಾದವನಿಗೆ ನಾಲಿಗೆ ಏಳಲಿಲ್ಲ. ತಪ್ಪು ಆದದ್ದು ಅಲ್ಲೇ.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಗಿಡ ಕತ್ತರಿಸುವ ಕತ್ತರಿಯೊಂದನ್ನು ತಂದು ಶುರುಮಾಡಿದೆ. ದರ್ಜಿಗೆ ಒಂದು ಚಟವಿದೆ, ಕತ್ತರಿಸಲು ತೊಡಗಿದರೆ ಅಂಚು ಸಮವಾಗುವ ತನಕ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ವರ್ಷದ ಹಸಿರೆಲ್ಲ ನೆಲಕ್ಕೆ ಬಿದ್ದಿತ್ತು. ಮೇಲೆ ಬರೀ ಕಡ್ಡಿಗಳು, ಒಂದೊಂದರ ತುದಿಯಿಂದಲೂ ನೀರು.

ಹಬ್ಬದ ಮರುದಿನ ಅತ್ತೆ ಒಂದು ಡಬ್ಬಿ ತುಂಬ ಕಜ್ಜಾಯ ತಂದರು. ಗೇಟು ತೆಗೆದವರು ಅಲ್ಲೇ ನಿಂತರು. ಅವರಿಗೆ ಗೊತ್ತಿದ್ದದ್ದು ಹೀರೆ, ಸೋರೆ, ಪಡವಲ. ಆ ಬಳ್ಳಿಗಳನ್ನು ಹೀಗೆ ತರಿದುಹಾಕಿದರೆ ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಕೈಯೆತ್ತಿ ಒಂದು ಹನಿಯನ್ನು ಅಂಗೈಯಲ್ಲಿ ಹಿಡಿದರು, ಸೆರಗಿಗೆ ಒರೆಸಿಕೊಂಡರು, ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ.

ಸಂಜೆ ಮಂಜುಳಾ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಅವ್ವ ಬಟ್ಟೆ ಗಂಟು ಕಟ್ಟಿಟ್ಟಿದ್ದಾರೆ, ದಸರೆಯ ಮುಂದೆ ಹೆಣ್ಣುಮಕ್ಕಳ ಮನೆಯಿಂದ ಅಳುತ್ತಾ ಹೋಗಬಾರದೆಂದು ವಿಜಯದಶಮಿವರೆಗೆ ಇರುತ್ತಾರಂತೆ, ಜಂಬೂಸವಾರಿ ಮುಗಿದ ಮಾರನೆ ದಿನ ಮಂಡಕಳ್ಳಿಗೆ ಹೋದರೆ ಮತ್ತೆ ಬರುವುದಿಲ್ಲವಂತೆ. ನಾನು ಬೆಪ್ಪಾಗಿ, ಒಂದು ಬಳ್ಳಿಗೆ ಇಷ್ಟೇಕೆ ಎಂದು ಕೇಳಿದೆ.

"ಬಳ್ಳಿಗಲ್ಲ ಕಣ್ರೀ," ಎಂದಳು ಮಂಜುಳಾ. "ಹೋಗು ಅಂತ ಬಾಯಲ್ಲಿ ಹೇಳಕ್ಕಾಗ್ದೆ ಕತ್ತರೀಲಿ ಹೇಳವ್ರೆ ಅಂತವ್ರೆ ಅವ್ವ. ನಾನು ಸಾಕಿದ್ದಕ್ಕೇ ಜಾಗ ಇಲ್ದಿದ್ ಮೇಲೆ ನಂಗೆಲ್ಲಿ ಜಾಗ ಅಂತವ್ರೆ."

ಹಾಗಲ್ಲ, ಹಣ್ಣಿಗಾಗಿ ಕತ್ತರಿಸಿದ್ದು ಎಂದು ಹೋಗಿ ಹೇಳು ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು, ಇನ್ನು ಮೇಲೆ ನಾನು ನಿಮ್ಮಿಬ್ಬರ ಅಂಚೆ ಹೊರುವುದಿಲ್ಲ, ಹೇಳುವುದಿದ್ದರೆ ನೀವೇ ಹೇಳಿ ಎಂದುಬಿಟ್ಟಳು. ನನಗೆ ನಾಚಿಕೆಯಾಯಿತು. ಅವರು ನಮ್ಮ ಮನೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಇದ್ದರು. ಅಷ್ಟೂ ದಿನ ಯಾವ ಗಳಿಗೆಯಲ್ಲಿ ಹೋಗು ಅನ್ನುತ್ತಾರೋ ಎಂದು ಎದೆಯಲ್ಲಿ ಇಟ್ಟುಕೊಂಡೇ ಹೀರೆಗೆ ನೀರು ಹಾಕಿದ್ದರೆ? ಆ ಯೋಚನೆ ನನ್ನನ್ನು ಬಿಡಲಿಲ್ಲ. ಏನೇ ಆಗಲಿ ಅವರನ್ನು ಹೋಗಗೊಡಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ತೀರ್ಮಾನವೇನೋ ಆಯಿತು, ಬಾಯಿ ಮಾತ್ರ ಬರಲಿಲ್ಲ. ಹೇಡಿಯ ಉಪಾಯವೊಂದು ಹೊಳೆಯಿತು. ಹೇಗೂ ಬಳ್ಳಿ ಚಿಗುರುತ್ತದೆ, ಚಿಗುರಿದರೆ ನನ್ನ ಪರವಾಗಿ ಅದೇ ಮಾತಾಡುತ್ತದೆ! ದಿನಾ ಬೆಳಗ್ಗೆ ಸ್ಟೂಲು ಹತ್ತಿ ಒಂದೊಂದೇ ಕಣ್ಣನ್ನು ನೋಡಿದೆ. ಬುಡಕ್ಕೆ ನೀರು ಹಾಕೋಣವೆಂದರೆ ಮಣ್ಣು ಆಗಲೇ ಒದ್ದೆಯಾಗಿರುತ್ತಿತ್ತು. ನನಗಿಂತ ಮುಂಚೆ ಎದ್ದು ಯಾರೋ ಹಾಕಿರುತ್ತಿದ್ದರು. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಸತ್ತಿತೆಂದು ನಂಬಿದ ಗಿಡಕ್ಕೂ ನೀರು ನಿಲ್ಲಿಸಿರಲಿಲ್ಲ ಆ ಹೆಂಗಸು. ಕತ್ತರಿಸಿ ಐದು ದಿನ ಕಳೆಯಿತು, ಎಂಟು ಕಳೆಯಿತು, ಹತ್ತಾಯಿತು. ಕಡ್ಡಿ ಕಡ್ಡಿಯಾಗಿಯೇ ಇತ್ತು. ಅಂಗಡಿಯಲ್ಲಿ ಒಬ್ಬರ ಬ್ಲೌಸಿಗೆ ಇನ್ನೊಬ್ಬರ ತೋಳು ಹೊಲಿದೆ.

ಆಯುಧಪೂಜೆಯ ಹಿಂದಿನ ದಿನ ನನಗೆ ನನ್ನ ಮೇಲೇ ಸಿಟ್ಟು ಬಂತು. ಅಲ್ಲಯ್ಯ, ಹೇಳಬೇಕಾದ ಮಾತನ್ನು ಒಂದು ಕಡ್ಡಿಯ ಕೈಲಿ ಹೇಳಿಸಲು ಕಾಯುತ್ತಿದ್ದೀಯಲ್ಲ, ಅದು ಚಿಗುರದಿದ್ದರೆ? ಸಂಜೆ ಅಂಗಡಿಯಿಂದ ಬಂದವನು ಚಪ್ಪಲಿಯನ್ನೂ ಬಿಡದೆ ನೆಟ್ಟಗೆ ಬಚ್ಚಲ ಪಕ್ಕದ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತೆ. ಅತ್ತೆ ಬಟ್ಟೆ ಹಿಂಡುತ್ತಿದ್ದರು. ನನ್ನನ್ನು ಕಂಡು ಸೆರಗು ಎಳೆದುಕೊಂಡು ಗೋಡೆಗೆ ತಿರುಗಿದರು.

"ಅತ್ತೆ," ಎಂದೆ. ಮದುವೆಯಾಗಿ ಹದಿನೈದು ವರ್ಷವಾಗಿತ್ತು, ಅದು ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು. "ನಾನು ಕತ್ತರಿಸಿದ್ದು ಹಣ್ಣಿಗೆ. ಅದು ಚಿಗುರಲಿ, ಒಣಗಿಹೋಗಲಿ, ನೀವು ಹೋಗಕೂಡದು. ಇದು ನಿಮ್ಮ ಮನೆ. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ."

ಅವರು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದರು, ಅದರಲ್ಲಿ ನೀರು ಮುಗಿದು ಆಗಲೇ ಎಷ್ಟೋ ಹೊತ್ತಾಗಿತ್ತು. ನಾನು ಬಂದುಬಿಟ್ಟೆ.

ಮರುದಿನ ಸ್ಕೂಟರ್ ತೊಳೆದು, ಹೊಲಿಗೆ ಕತ್ತರಿ, ಕುಡುಗೋಲು, ಈಳಿಗೆಮಣೆಗಳನ್ನೆಲ್ಲ ಪೂಜೆಗೆ ಸಾಲಾಗಿ ಜೋಡಿಸುತ್ತಿದ್ದೆ. ಗಿಡದ ಕತ್ತರಿಯನ್ನು ಮಾತ್ರ ಯಾರಿಗೂ ಕಾಣದಂತೆ ಅಟ್ಟಕ್ಕೆ ಎಸೆದಿದ್ದೆ. ಚಪ್ಪರದ ಕೆಳಗಿನಿಂದ ದನಿ ಬಂತು. "ಇಲ್ಲಿ ಬನ್ನಿ." ನನ್ನನ್ನಲ್ಲವೇನೋ ಎಂದು ಮಂಜುಳಾಳ ಮುಖ ನೋಡಿದೆ. ನಿಮ್ಮನ್ನೇ ಎಂದು ಅವಳು ಹುಬ್ಬು ಹಾರಿಸಿದಳು. ಅತ್ತೆ ಸ್ಟೂಲಿನ ಮೇಲೆ ನಿಂತು ಬೆರಳು ಮಡಚಿ ಗೆಣ್ಣಿನಲ್ಲಿ ತೋರಿಸುತ್ತಿದ್ದರು. ಕಡ್ಡಿಯ ಕಣ್ಣೊಂದು ಉಬ್ಬಿ, ಒಡೆದು, ಅದರೊಳಗೆ ಅಕ್ಕಿಕಾಳಿನಷ್ಟು ನಸುಗೆಂಪು ಚಿಗುರು. ಅದರ ಪಕ್ಕದಲ್ಲಿ ಇನ್ನೊಂದು.

ಅವರು ಕೆಳಗಿಳಿದು ನನ್ನ ಮುಖ ನೋಡಿದರು, ನೇರವಾಗಿ. "ಕತ್ತರಿಸಿದ್ದು ಸರಿ ಐತೆ ಕಣಪ್ಪ," ಎಂದರು. "ಆದ್ರೆ ಹೇಳಿ ಕತ್ತರಿಸ್ಬೇಕಾಗಿತ್ತು."

ಆಮೇಲೆ ಅಟ್ಟದಿಂದ ಆ ಕತ್ತರಿಯನ್ನು ತೆಗೆಸಿ, ತೊಳೆದು, ಕುಂಕುಮ ಇಟ್ಟು ಸಾಲಿನಲ್ಲಿ ಸೇರಿಸಿದರು. ಬಟ್ಟೆಯ ಗಂಟನ್ನು ಯಾವಾಗ ಬಿಚ್ಚಿದರು ಎಂದು ಮಂಜುಳಾಳನ್ನು ಕೇಳಿದೆ. ಹಿಂದಿನ ದಿನ ಸಂಜೆಯೇ, ನಾನು ಒಗೆಯುವ ಕಲ್ಲಿನ ಹತ್ತಿರದಿಂದ ಬಂದ ಮೇಲೆ, ಎಂದಳು. ಚಿಗುರು ಕಾಣಿಸುವುದಕ್ಕೆ ಮುಂಚೆ! ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಶಿವರಾತ್ರಿಯ ಹೊತ್ತಿಗೆ ಹಣ್ಣಾಯಿತು, ಏಳು ಗೊಂಚಲು. ಹುಳಿಯೆಂದರೆ ಹುಳಿ, ಆದರೆ ಘಮ ಇಡೀ ಬೀದಿಗೆ. ಕಿಚಾಯಿಸಿದ ಪ್ರತಿ ಮನೆಗೂ ಅತ್ತೆ ತಾವೇ ಒಯ್ದು ನಾಲ್ಕು ನಾಲ್ಕು ಹಣ್ಣು ಕೊಟ್ಟು ಬಂದರು. ಅಲ್ಲಿಂದ ಮುಂದೆ ಅವರ ಬಾಯಿಗೆ ಬೀಗವಿಲ್ಲ. ಹದಿನೈದು ವರ್ಷದ ಬಾಕಿ ಮಾತನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ಈಗ ಅವರಿಗೆ ಎಂಬತ್ತರ ಹತ್ತಿರ. ಮಂಡಿ ನೋವಿಗೆ ಸ್ಟೂಲು ಹತ್ತುವುದಿಲ್ಲ. ನಿನ್ನೆ ಕುರ್ಚಿ ಹಾಕಿಸಿಕೊಂಡು ಚಪ್ಪರದ ಕೆಳಗೆ ಕುಳಿತು, ಅಲ್ಲಿ ಬುಡಿ, ಇಲ್ಲಿ ಕತ್ತರಿಸಿ, ನೀವೇನು ಗುಂಡಿಗೆ ಕಾಜಾ ಒಲೀತಿದ್ದೀರಾ ಎಂದು ಎರಡು ಗಂಟೆ ದುಡಿಸಿದರು.

ಅಂದಹಾಗೆ, ಪೇಪರ್ ಮಡಚಿಟ್ಟು ನಾನು ಇವತ್ತು ಅಂಗಡಿಗೆ ತಡವಾಗಿ ಹೋದೆ. ಅತ್ತೆ ಹೊಸ ಸೀರೆ ಉಟ್ಟು ತಯಾರಾಗಿ ನಿಂತಿದ್ದರು. ತಮ್ಮ ಹೆಸರು ಇಷ್ಟು ವರ್ಷ ಮಂಡಕಳ್ಳಿಯ ರೇಷನ್ ಕಾರ್ಡಿನಲ್ಲೇ ಇತ್ತು, ಈಗ ಅಲ್ಲಿ ತೆಗೆಸಿದ್ದಾಯಿತು, ಇಲ್ಲಿಗೆ ಸೇರಿಸಿ ಎಂದು ಹೋದ ವಾರ ನನ್ನ ಎದುರಿಗೆ ಕುಳಿತೇ ಹೇಳಿದ್ದರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾರ್ಡು ತಿದ್ದುವ ಸೇವಾ ಕೇಂದ್ರಕ್ಕೆ ಕರೆದೊಯ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಹೆಬ್ಬೆಟ್ಟು ಒತ್ತಿಸಿಕೊಂಡಳು, ವಯಸ್ಸು ನೋಡಿದಳು. ಮನೆಯಲ್ಲಿ ಹಿರಿಯ ಹೆಂಗಸು ಇವರೇ ಅಲ್ಲವೇ, ಹಾಗಾದರೆ ಕುಟುಂಬದ ಯಜಮಾನಿ ಅಂತ ಇವರ ಹೆಸರೇ ಮೊದಲು ಬರುತ್ತದೆ, ಉಳಿದವರೆಲ್ಲ ಇವರ ಕೆಳಗೆ ಎಂದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಪರದೆಯನ್ನೇ ನೋಡಿದರು.

ಹುಡುಗಿ ನನ್ನ ಕಡೆ ತಿರುಗಿ, ನೀವು ಯಜಮಾನಿಯವರಿಗೆ ಏನಾಗಬೇಕು ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು:

"ಅಳೀಮಯ್ಯ. ಸೇರಿಸ್ಕೊ ಕಣವ್ವ, ನಮ್ಮನೇಲೇ ಇರ್ಲಿ."