ಹಿಮ್ಮಡಿ ಊರುವ ಹುಡುಗಿ

ಕಬಡ್ಡಿಯಲ್ಲಿ ಯಾವ ಕಾಲೇಜು ಗೆಲ್ಲುತ್ತದೆಂದು ಮೊದಲೇ ಹೇಳುವ ಚಟ ನನಗೆ ಅಂಟಿಕೊಂಡಿದ್ದು ನಿವೃತ್ತನಾದ ಮೇಲೆ. ನಾಗಮಂಗಲದ ಕಡೆಯ ಕಾಲೇಜೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಅಲ್ಲಿದ್ದಷ್ಟು ದಿನ ನಮ್ಮ ತಂಡವೇ ಗೆಲ್ಲಬೇಕೆಂಬ ಹಟವಿತ್ತು, ಕಿರುಚಾಟವಿತ್ತು, ಊಟ ಬಿಟ್ಟು ಕೂತದ್ದೂ ಉಂಟು. ಪಾಂಡವಪುರದ ಮನೆಗೆ ಬಂದು ಸೇರಿದ ಮೇಲೆ ಯಾವ ತಂಡವೂ ನನ್ನದಲ್ಲ. ಕೊರಳಲ್ಲಿದ್ದ ಸೀಟಿ ಹೋಯಿತು, ಬಾಯಿ ಮಾತ್ರ ಉಳಿಯಿತು.

ಆ ಬಾಯಿಗೆ ಸರಿಯಾಗಿ ಒಂದು ವಾಟ್ಸಾಪ್ ಗ್ರೂಪೂ ಸಿಕ್ಕಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನ ಮೇಷ್ಟ್ರುಗಳು, ಹಳೆಯ ಆಟಗಾರರು, ಆಟದ ಹುಚ್ಚಿನವರು ಎಲ್ಲ ಅದರಲ್ಲಿದ್ದರು. ಅಂತರ ಕಾಲೇಜು ಪಂದ್ಯಾವಳಿ ಹತ್ತಿರ ಬಂದರೆ ಸಾಕು, "ಗುರುವೇ, ಈ ವರ್ಸ ಕಪ್ಪು ಯಾರ್ದು?" ಎಂದು ಶುರುವಾಗುತ್ತಿತ್ತು. ಇಲ್ಲಿ ಗೆದ್ದವರು ಯಾರು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುವವರು ಯಾರು, ಆ ತಂಡ ರಾಷ್ಟ್ರಮಟ್ಟದಲ್ಲಿ ಎಲ್ಲಿಯವರೆಗೆ ಹೋದೀತು, ಎಲ್ಲವನ್ನೂ ನಾನೇ ಹೇಳಬೇಕು. ಮೂರು ವರ್ಷ ಹೇಳಿದ್ದೆಲ್ಲ ಹಾಗೇ ಆಯಿತು. ನನಗೆ ಕೊಂಬು ಬಂತು. "ಬುಡುಬುಡ್ಕೆಯೋನ್ಗೂ ನಿಮ್ಗೂ ಏನೂ ಯತ್ವಾಸ ಇಲ್ಲ, ಅವ್ನು ಮನೆಮನೆಗೆ ಓಗ್ತಾನೆ, ನೀವು ಕುಂತಲ್ಲೇ ಯೋಳ್ತೀರಿ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಕುಂತಲ್ಲೇ ಹೇಳುತ್ತಿದ್ದೆ ಅನ್ನುವುದು ಮಾತ್ರ ಸುಳ್ಳು. ಪಂದ್ಯಕ್ಕೆ ತಿಂಗಳಿದೆ ಅನ್ನುವಾಗ ಬಸ್ಸು ಹತ್ತಿ ನಾಲ್ಕೂ ಕಡೆ ಹೋಗಿ ಅಭ್ಯಾಸ ನೋಡಿ ಬರುತ್ತಿದ್ದೆ. ಆಟವನ್ನು ಯಾರು ಬೇಕಾದರೂ ನೋಡಿಯಾರು, ನಾನು ನೋಡುತ್ತಿದ್ದುದು ಆಟ ನಿಂತಾಗ. ಔಟಾದ ಹುಡುಗಿ ಗೆರೆಯಾಚೆ ಕೂತು ಮೊಬೈಲು ತೆಗೆಯುತ್ತಾಳೋ, ಇನ್ನೂ ಆಟದೊಳಗೇ ಇದ್ದಾಳೋ. ನೀರಿನ ಬಾಟಲಿ ಮೊದಲು ಯಾರ ಕೈಗೆ ಹೋಗುತ್ತದೆ. ನಾಗಮಂಗಲದ ಹುಡುಗಿಯರು ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮೊದಲ ಬಸ್ಸು ಹಿಡಿದು ಬಂದು ಆಡುತ್ತಿದ್ದರು. ಕೈಯಲ್ಲಿ ಒಳ್ಳೆಯ ಹಿಡಿತವಿತ್ತು, ಹನ್ನೊಂದು ಗಂಟೆಗೆ ಕಣ್ಣು ಎಳೆಯುತ್ತಿತ್ತು. ಅಕ್ಕಿಹೆಬ್ಬಾಳಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ಕೆ.ಆರ್. ಪೇಟೆ ತಂಡದ ಎಡಗಡೆಯ ಕಾರ್ನರಿನಲ್ಲಿ, ಹಿಡಿಯುವವರ ಸಾಲಿನ ತುದಿಯಲ್ಲಿ, ನಿಲ್ಲುತ್ತಿದ್ದಳು. ಮಾತು ಕಡಿಮೆ. ಎದುರಾಳಿಯ ಕಾಲಿನಿಂದ ಕಣ್ಣು ಕೀಳುತ್ತಿರಲಿಲ್ಲ.

ನಾಲ್ಕನೆಯ ವರ್ಷ ಎಲ್ಲರ ಬಾಯಲ್ಲೂ ಪಾಂಡವಪುರದ ಹೆಸರೇ ಇತ್ತು. ಕಾರಣ ಒಬ್ಬಳು ರೈಡರು. ಮೇಲುಕೋಟೆ ದಾರಿಯ ಹಳ್ಳಿಯವಳು, ಸಣಕಲು ದೇಹ, ಡಿಗ್ರಿಯ ಕೊನೆಯ ವರ್ಷ. ಅವಳು "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿ ಅಂಕಣಕ್ಕೆ ಕಾಲಿಟ್ಟರೆ ಏಳು ಜನರೂ ಹಿಂದಕ್ಕೆ ಸರಿಯುತ್ತಿದ್ದರು. ನಾನು ಸಂಜೆ ಮೈದಾನದ ಅಂಚಿನಲ್ಲಿ ಕಲ್ಲಿನ ಮೇಲೆ ಕೂತಿದ್ದರೆ ಬಂದು "ನಮಸ್ಕಾರ ಸಾ" ಅನ್ನದೆ ಹೋಗುತ್ತಿರಲಿಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತ ಹೇಳಿದ್ದಳು: "ಉನಿವರ್ಸಿಟಿ ಟೀಮ್‌ಗೆ ಸೇರಿದ್ರೆ ಆ ಸರ್ಟಿಪಿಕೇಟ್ ಸಿಕ್ತದಲ್ಲ ಸಾ, ಪೊಲೀಸ್ ಕೆಲ್ಸಕ್ಕೆ ಆಟದ ಕೋಟಾದಾಗೆ ಅರ್ಜಿ ಆಕ್ಬೋದು. ನಮ್ಮವ್ವ ಈ ವರ್ಸ ಒಂದು ನೋಡು ಅಂದವ್ಳೆ, ಆಮ್ಯಾಕೆ ಆಟಗೀಟ ಬ್ಯಾಡ ಅಂದ್ಬುಟ್ಟವ್ಳೆ." ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಅವಳ ಆಟದಲ್ಲಿ ಒಂದೇ ಒಂದು ಐಬಿತ್ತು. ಸುಮ್ಮನೆ ಹೆದರಿಸಲು ಮುಂದೆ ಹೋಗುವಾಗ ತುದಿಗಾಲಿನಲ್ಲೇ ಇರುತ್ತಿದ್ದಳು. ನಿಜವಾಗಿಯೂ ಒಳಗೆ ನುಗ್ಗುವ ಮುಂಚೆ ಮಾತ್ರ ಎಡಗಾಲಿನ ಹಿಮ್ಮಡಿಯನ್ನು ಒಂದು ಗಳಿಗೆ ನೆಲಕ್ಕೆ ಊರುತ್ತಿದ್ದಳು. ಊರಿದ ಕಾಲು ಏಳುವುದು ಒಂದು ಉಸಿರಿನಷ್ಟು ತಡ. ಕಣ್ಣಿಟ್ಟು ಕಾದವರು ಆಗ ಕಣಕಾಲಿಗೆ ಕೈ ಹಾಕಿದರೆ ಮುಗಿಯಿತು. ಅವಳ ಕೋಚು ಹೊಸಬ, ನಮ್ಮ ಗ್ರೂಪಿನಲ್ಲಿ ಇರಲಿಲ್ಲ, ಅವನಿಗೂ ಅದು ಕಂಡಿರಲಿಲ್ಲ. ನನಗೆ ಕಂಡಿತು. ಕಂಡ ದಿನ ನನಗಾದ ಖುಷಿ ನೆನೆದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಏಕೆಂದರೆ ಎಲ್ಲರೂ ಪಾಂಡವಪುರ ಅನ್ನುವಾಗ ನಾನೂ ಪಾಂಡವಪುರ ಅಂದರೆ ಅದೇನು ದೊಡ್ಡಸ್ತಿಕೆ? ಪಂದ್ಯಕ್ಕೆ ಮೂರು ದಿನವಿರುವಾಗ ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಗ್ರೂಪಿಗೆ ಒಂದು ವಾಯ್ಸ್ ಮೆಸೇಜು ಹಾಕಿದೆ. "ಬರ್ಕಳ್ರಪ್ಪ, ಈ ಸಲ ಕಪ್ಪು ಪಾಂಡವಪುರಕ್ಕಿಲ್ಲ, ಕೆ.ಆರ್. ಪೇಟೆಗೆ. ಯಾಕೆ ಅಂದ್ರೆ ಆ ಉಡ್ಗಿ ನುಗ್ಗೋಕ್ ಮುಂಚೆ ಎಡಗಾಲ್ ಇಮ್ಡಿ ಊರ್ತಾಳೆ. ಪ್ಯಾಟೆ ಕಾರ್ನರ್ ಉಡ್ಗಿ ಕಣ್ಣು ಯಾವಾಗ್ಲೂ ಕಾಲ್ ಮ್ಯಾಲೇ ಇರ್ತದೆ. ಮೂರು ಸಲ ಸಿಕ್ತಾಳೆ, ನೋಡ್ತಿರಿ." ನಮಸ್ಕಾರದ ಕೈಗಳು ಸಾಲಾಗಿ ಬಂದವು. "ಏನ್ ಕಣ್ಣು ಸಾ ನಿಮ್ದು!" ಎಂದರು. ಆ ರಾತ್ರಿ ಒಂದು ತುತ್ತು ಜಾಸ್ತಿ ಉಂಡೆ.

ಪಂದ್ಯದ ಹಿಂದಿನ ದಿನ ಸಂಜೆ ಅವಳು ಮತ್ತೆ ಕಲ್ಲಿನ ಹತ್ತಿರ ಬಂದಳು. "ಸಾ, ನೀವು ದಿನಾ ನೋಡ್ತೀರಿ. ನಾನ್ ಆಡೋದ್ರಾಗೆ ಏನಾರ ತಪ್ಪೈತಾ ಸಾ? ಇದ್ರೆ ಯೋಳ್ಬುಡಿ." ಮುಖದ ಬೆವರು ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತ ನಿಂತಳು. ಹಿಮ್ಮಡಿಯ ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. "ಏನಿಲ್ಲ ಕಣವ್ವ, ಚೆನ್ನಾಗೇ ಆಡ್ತೀಯ, ಧೈರ್ಯವಾಗಿ ಆಡು ಓಗು" ಅಂದುಬಿಟ್ಟೆ. ನಾಳೆ ಪಂದ್ಯ ಇಟ್ಟುಕೊಂಡು ಈಗ ಹೇಳಿದರೆ ಮಗು ಗಾಬರಿಯಾಗುತ್ತದೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ಬರೀ ಸಬೂಬು. ಹೇಳಿದ್ದರೆ ಅವಳು ತಿದ್ದಿಕೊಳ್ಳುತ್ತಿದ್ದಳು, ತಿದ್ದಿಕೊಂಡಿದ್ದರೆ ನನ್ನ ಮಾತು ಸುಳ್ಳಾಗುತ್ತಿತ್ತು.

ಫೈನಲ್ಲು ನಡೆದದ್ದು ಶ್ರೀರಂಗಪಟ್ಟಣದಲ್ಲಿ. ಆಯ್ಕೆ ಮಾಡುವವರು ಶಾಮಿಯಾನದ ಕೆಳಗೆ ಕಾಗದ ಹಿಡಿದು ಕೂತಿದ್ದರು. ಮೊದಲರ್ಧ ಪಾಂಡವಪುರದ್ದೇ. ಎರಡನೆಯ ಅರ್ಧದಲ್ಲಿ ಅವಳು ನುಗ್ಗಿದಳು, ಹಿಮ್ಮಡಿ ಊರಿತು, ಆ ಕಾರ್ನರಿನ ಹುಡುಗಿ ಕಣಕಾಲು ಹಿಡಿದೇಬಿಟ್ಟಳು. ನನಗೆ ಮೊದಲು ಬಂದದ್ದು ನಗು. ಸುಳ್ಳು ಹೇಳುವುದಿಲ್ಲ, ನಗುವೇ ಬಂತು. ಎರಡನೆಯ ಸಲ ಹಿಡಿದಾಗ ನಗು ನಿಂತಿತು. ಕೆ.ಆರ್. ಪೇಟೆಯ ಮೇಷ್ಟ್ರು ಗೆರೆಯ ಪಕ್ಕದಿಂದ "ಇಮ್ಡಿ ನೋಡೇ, ಇಮ್ಡಿ!" ಎಂದು ಕೂಗುತ್ತಿದ್ದ. ನನ್ನ ಮಾತು ಅವನ ಬಾಯಲ್ಲಿ. ಮೂರನೆಯ ಸಲ ಅವಳನ್ನು ಕೆಡವಿ ಐದು ಜನ ಮೇಲೆ ಬಿದ್ದರು. ಆ ರಾಶಿಯ ಕೆಳಗಿನಿಂದ ಒಂದು ಕೈ ಮಧ್ಯಗೆರೆಯ ಕಡೆಗೆ ಚಾಚಿಕೊಂಡೇ ಇತ್ತು. ಒಂದು ಗೇಣು ಕಡಿಮೆಯಾಯಿತು.

ಪಾಂಡವಪುರದವರು ಎರಡು ಅಂಕದಿಂದ ಸೋತರು. ಆ ಮೇಷ್ಟ್ರು ಓಡಿಬಂದು ನನ್ನನ್ನು ತಬ್ಬಿಕೊಂಡ. "ನಿಮ್ ಬಾಯಲ್ ಸತ್ಯ ಕುಂತದೆ ಬುಡಿ ಗುರುವೇ! ನೀವು ಯೋಳಿದ್ನ ಮೂರು ದಿನ ನಮ್ ಉಡ್ಗೀರ್ಗೆ ಕೇಳ್ಸಿ ಕೇಳ್ಸಿ ಪ್ರಾಕ್ಟೀಸ್ ಮಾಡ್ಸಿದೆ" ಎಂದ. ಅವನ ತಪ್ಪೇನೂ ಇಲ್ಲ, ಅವನ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ಆಯ್ಕೆಯ ಪಟ್ಟಿ ಓದಿದರು. ಅವಳ ಹೆಸರಿರಲಿಲ್ಲ. ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದಳು, ಅಳಲಿಲ್ಲ. ನಾನು ಹತ್ತಿರ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

"ಗೆದ್ದೋರ್ಯಾರು?" ಎಂದು ಮನೆಯಲ್ಲಿ ಕೇಳಿದಳು ಹೆಂಡತಿ.

"ನಾನು ಹೇಳಿದವರೇ."

"ಮತ್ಯಾಕೆ ಮೊಕ ಇಂಗಾಗದೆ?"

ನಾನು ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ. ಫೋನು ಒಂದೇ ಸಮ ಟಿಂಗ್ ಟಿಂಗ್ ಅನ್ನುತ್ತಿತ್ತು, ಎಲ್ಲ ಅಭಿನಂದನೆಗಳೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ, ಅಂದುಕೊಂಡೆ. ಮಾರನೆಯ ದಿನ ಗ್ರೂಪಿನಿಂದ ಹೊರಬಂದೆ. ಸಂಜೆ ಮೈದಾನಕ್ಕೆ ಹೋಗುವುದನ್ನೂ ನಿಲ್ಲಿಸಿದೆ. ಅದರಿಂದ ಯಾರಿಗೆ ಏನು ಬಂತು? ನನಗೆ ನಾಚಿಕೆಯಿದೆಯೆಂದು ನನಗೇ ತೋರಿಸಿಕೊಂಡಂತಾಯಿತು, ಅಷ್ಟೇ.

ಎಂಟೊಂಬತ್ತು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಮೈಸೂರಿನ ಆಸ್ಪತ್ರೆಗೆ ಹೊರಟವನು ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. "ನಮಸ್ಕಾರ ಸಾ" ಅನ್ನುವುದು ಕೇಳಿಸಿತು. ತಿರುಗಿದರೆ ಅವಳೇ. ಹೆಗಲಿಗೆ ಊಟದ ಬ್ಯಾಗು, ಕೊರಳಲ್ಲಿ ಗಾರ್ಮೆಂಟ್ಸಿನ ಗುರುತಿನ ಚೀಟಿ. ಕಂಪನಿ ಬಸ್ಸಿಗಾಗಿ ಕಾಯುತ್ತಿದ್ದಳು. "ಚೆನ್ನಾಗಿದ್ದೀಯವ್ವ?" ಎಂದು ಕೇಳಿದೆ. "ಊ ಸಾ, ನಡೀತದೆ" ಎಂದಳು. ಬಯ್ಯಲಿ ಅನ್ನಿಸಿತು, ನಾಲ್ಕು ಜನರೆದುರು ಮಂಗಳಾರತಿ ಎತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಬಯ್ಯಲಿಲ್ಲ. "ಸಾ, ಒಂದ್ ವಿಸ್ಯ ಕೇಳ್ಬೇಕಾಗಿತ್ತು. ಪ್ಯಾಟೆ ಉಡ್ಗೀರು ಆವತ್ತೇ ಯೋಳಿದ್ರು, ನೀವು ಮೊಬೈಲ್‌ನಾಗೆ ಏನೋ ಇಮ್ಡಿ ಅಂದಿದ್ರಂತೆ. ನನ್ ತಂಗಿ ಈಗ ಪಿಯುಸಿ ಸಾ, ನನ್ನಂಗೇ ಆಡ್ತಾಳೆ, ನನ್ ನೋಡೇ ಕಲ್ತೋಳು. ಅದೇನು ಅಂತ ತೋರಿಸ್ಕೊಟ್ರೆ ಅವ್ಳಿಗಾದ್ರೂ ಯೋಳ್ತೀನಿ."

ಬ್ಯಾಗು ನನ್ನ ಕೈಗೆ ಕೊಟ್ಟು, ಚಪ್ಪಲಿಯಲ್ಲೇ ಆಟದ ಭಂಗಿಗೆ ನಿಂತಳು. ನಾನು ಪಂಚೆ ಎತ್ತಿ ಕಟ್ಟಿದೆ. ಜನ ನೋಡುತ್ತಿದ್ದರು, ನೋಡಿಕೊಳ್ಳಲಿ. ನುಗ್ಗುವ ಮುಂಚೆ ಇಲ್ಲಿ ಭಾರ ಬಿಡುತ್ತೀಯ, ಬಿಡಬೇಡ, ಮಂಡಿ ಇನ್ನಷ್ಟು ಬಗ್ಗಿಸು, ತುದಿಗಾಲಿನಲ್ಲೇ ಇರು ಎಂದು ಕಾಲು ತೋರಿಸಿ ಹೇಳಿದೆ. ಮೊದಲ ಸಲ ಹಿಮ್ಮಡಿ ನೆಲಕ್ಕೆ ತಾಗಿತು. ಎರಡನೆಯ ಸಲ ತಾಗಿಯೂ ತಾಗದ ಹಾಗಾಯಿತು. ಮೂರನೆಯ ಸಲ ಇಲ್ಲವೇ ಇಲ್ಲ.

"ಇಷ್ಟೇನಾ ಸಾ?" ಎಂದಳು.

"ಇಷ್ಟೇ ಕಣವ್ವ."

ನನ್ನ ಕೈಯಿಂದ ಬ್ಯಾಗು ಇಸಿದುಕೊಂಡಳು. ಅವಳ ಬಸ್ಸು ಇನ್ನೂ ಬಂದಿರಲಿಲ್ಲ.