ಅಮಾಸಿ ಬುತ್ತಿ

ಇಳಕಲ್ಲಿನ ನೇಕಾರ ಓಣಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗದ ಸದ್ದು ಇರುತ್ತಿರಲಿಲ್ಲ. ಉಳಿದವರಿಗೆ ಬಿಡುವು, ಶಿವಲಿಂಗವ್ವನಿಗೆ ಮಾತ್ರ ಅದೂ ಇಲ್ಲ. ತಿಂಗಳೆಲ್ಲ ಮಂದಿಯ ನೂಲು ಸುತ್ತಿ ಹೆಗಲು ಹಿಡಿದುಕೊಂಡಿರುತ್ತಿತ್ತು. ಮಧ್ಯಾಹ್ನ ತುಸು ಅಡ್ಡಾಗೋಣವೆಂದರೆ ಅಷ್ಟರಲ್ಲಿ ಹುಡುಗರು ಒಂದೊಂದು ಬುತ್ತಿ ಗಂಟು ಹಿಡಿದು ಅಂಗಳಕ್ಕೆ ಬಂದುಬಿಡುತ್ತಿದ್ದರು.

ಇದನ್ನು ಆಕೆಯೇ ಶುರು ಮಾಡಿದಳೆಂದು ಹೇಳಲಾಗದು. ಎಪ್ಪತ್ತಾರನೆಯ ಇಸವಿಯಲ್ಲಿ ಗಂಡ ರಾಚಪ್ಪ ಜ್ವರದಲ್ಲಿ ತೀರಿಕೊಂಡಾಗ ಮಗಳು ಸಿದ್ದವ್ವ ಮಾತು ನಿಲ್ಲಿಸಿಬಿಟ್ಟಳು. ಅವನ ಹೆಸರಿನಲ್ಲಿ ಎಡೆ ಹಿಡಿದ ದಿನ ನೆರೆಮನೆಯ ಸಂಗಯ್ಯ ಬಂದು ಅವಳೆದುರು ಕುಳಿತ. ಅವನೂ ಹಿಂದಿನ ವರ್ಷ ತಂದೆಯನ್ನು ಕಳೆದುಕೊಂಡ ಹುಡುಗ.

"ನಿಮ್ಮಪ್ಪಗ ಏನ್ ಸೇರ್ತಿತ್ತು?" ಎಂದು ಕೇಳಿದ.

"ಸೇಂಗಾ ಹೋಳಿಗಿ," ಎಂದಳು ಸಿದ್ದವ್ವ.

"ನಮ್ಮಪ್ಪಗ ಮೆಣಸಿನಕಾಯಿ ಬಜಿ. ನಮ್ಮವ್ವಗ ಕೊಡಬೇಕಾಗ್ತೈತಿ ಅಂತ ಓಣಿ ತುದಿಗೇ ನಿಂತು ತಿಂದ್ ಬರ್ತಿದ್ದ."

"ನೀನೂ ಹಂಗ ಅದಿ ಬಿಡು. ನಮಗ ಯಾವಾಗ ಕೊಟ್ಟಿ?"

ಒಳಗೆ ಹಿಟ್ಟು ನಾದುತ್ತಿದ್ದ ಶಿವಲಿಂಗವ್ವನ ಕೈ ನಿಂತಿತು. ಮಗಳ ದನಿ ಕೇಳಿ ಎಷ್ಟೋ ದಿನವಾಗಿತ್ತು.

ಅಂದಿನಿಂದ ಅಮಾವಾಸ್ಯೆಗೊಮ್ಮೆ ಮಕ್ಕಳು ಸೇರತೊಡಗಿದರು. ತಮ್ಮವರಿಗೆ ಸೇರುತ್ತಿದ್ದ ತಿನಿಸು ತಂದು, ಅವರ ಮಾತು ಹೇಳಿ, ಹಂಚಿಕೊಂಡು ತಿನ್ನುವುದು. ಕರೆದೊಯ್ಯಲು ಬಂದ ತಾಯಂದಿರೂ ಕಟ್ಟೆಯ ಮೇಲೆ ಕುಳಿತು ತಮ್ಮ ತಮ್ಮ ಸಂಕಟ ಹೇಳಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು ಹೋಗುತ್ತಿದ್ದರು.

ಮೂರನೆಯ ವರ್ಷಕ್ಕೆ ಶಿವಲಿಂಗವ್ವ ಸೋತಿದ್ದಳು. ಊರ ಮಂದಿಯ ದುಃಖವೆಲ್ಲ ತನ್ನ ಕಟ್ಟೆಗೇ ಬರಬೇಕೆ ಎನ್ನಿಸುತ್ತಿತ್ತು. ಇನ್ನು ಸಾಕು ಎಂದುಕೊಂಡ ತಿಂಗಳೇ ಹಿಂದಿನ ಓಣಿಯ ಹಜರತಬಿ ಮೊಮ್ಮಗಳು ಜೋಹರಾಳ ಕೈ ಹಿಡಿದುಕೊಂಡು ಬಂದಳು. ಸೊಸೆ ಅಬೇದಾಳನ್ನು ಹೆರಿಗೆಗೆಂದು ಬಾಗಲಕೋಟೆಯ ದವಾಖಾನೆಗೆ ಒಯ್ದಿದ್ದರು. ತಾಯಿ, ಗಂಡುಕೂಸು ಇಬ್ಬರೂ ಉಳಿಯಲಿಲ್ಲ. ಅಲ್ಲಿಯೇ ತವರಿನವರು ಮಣ್ಣು ಮಾಡಿದರು. ಏಳು ವರ್ಷದ ಜೋಹರಾ ಏನನ್ನೂ ನೋಡಿರಲಿಲ್ಲ.

"ಊಟಾ ಬಿಟ್ಟಾಳ, ತಂಗಿ. ಹುಡುಗರ ಕೂಡ ಕುಂತರೆ ಒಂದ್ ತುತ್ತು ತಿಂದಾಳು," ಎಂದ ಹಜರತಬಿ ದನಿ ತಗ್ಗಿಸಿದಳು. "ಆದ್ರ ಆಕಿಗೆ ಗೊತ್ತಿಲ್ಲ. ಅಮ್ಮ ತವರಿಗೆ ಹೋಗ್ಯಾಳ, ಬರ್ತಾಳ ಅಂತ ಹೇಳೇನಿ. ನೀನೂ ಹಂಗ ಹೇಳು."

ಶಿವಲಿಂಗವ್ವನಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಆಯಿತೆಂದುಬಿಟ್ಟಳು. ಜೋಹರಾಳ ಮುಂದೆ ಯಾರೂ ಸತ್ತವರ ಮಾತೆತ್ತಬಾರದೆಂದು ಹುಡುಗರಿಗೂ ತಾಕೀತು ಮಾಡಿದಳು.

ಅಂಗಳಕ್ಕೆ ಬೀಗ ಬಿದ್ದಂತಾಯಿತು. ಹುಡುಗರು ಗೋಡೆ ನೋಡುತ್ತ ತಿಂದು ಎದ್ದು ಹೋದರು. ಮುಂದಿನ ತಿಂಗಳು ಅರ್ಧದಷ್ಟು ಮಂದಿ ಬರಲೇ ಇಲ್ಲ. ಜೋಹರಾ ಅವತ್ತೂ ತುತ್ತು ಮುಟ್ಟಲಿಲ್ಲ.

ಅವಳು ಹೋದ ಮೇಲೆ ಸಿದ್ದವ್ವ ಬಂದು ತಾಯಿಯ ಬೆನ್ನಿಗೆ ಒರಗಿದಳು.

"ಯವ್ವಾ, ಜೋಹರಾ ಏನಂತಾಳ ಗೊತ್ತೈತೇನು? ಅವರಮ್ಮ ಹೋಗೂ ದಿನ ಇಕಿ ನೂಲಿನ ಲಡಿ ಸಿಕ್ಕ ಮಾಡಿದ್ದಳಂತ. ಅದಕ್ಕ ಸಿಟ್ಟಿಗೆದ್ದು ಹೊಟ್ಟ್ಯಾಗಿನ ತಮ್ಮನ್ನ ಕರ್ಕೊಂಡು ಹೋಗ್ಯಾಳ, ನನ್ನ ಬಿಟ್ಟಾಳ ಅಂತಾಳ."

ಸಾವನ್ನು ಮುಚ್ಚಿಡಲು ಹೋಗಿ ಎಲ್ಲರೂ ಸೇರಿ ಆ ಕೂಸಿನ ತಲೆಯ ಮೇಲೆ ಅದಕ್ಕಿಂತ ಭಾರವಾದದ್ದನ್ನು ಹೊರಿಸಿದ್ದರು. ಶಿವಲಿಂಗವ್ವ ಅಲ್ಲಿಂದಲೇ ಎದ್ದು ಹಜರತಬಿಯ ಮನೆಗೆ ನಡೆದಳು.

ಕೇಳಿದ ಹಜರತಬಿ ಮೊಮ್ಮಗಳಿಗೆ ಕೇಳದಂತೆ ಕದ ಮುಂದೆ ಮಾಡಿದಳು. ಆಮೇಲೆ, "ನೀನ ಹೇಳಿಬಿಡು ತಂಗಿ. ನನ್ನ ಬಾಯಾಗ ಬರೂದಿಲ್ಲ," ಎಂದಳು.

"ನಾ ಹೇಳಿದ್ರ ಆಕಿ ನಂಬೂದಿಲ್ರಿ ಯಮ್ಮಾ. ಬರ್ತಾಳ ಅಂದವರು ನೀವು, ಬರೂದಿಲ್ಲ ಅಂತ ನೀವ ಹೇಳಬೇಕು. ನಾ ಬಾಜೂಕ ಕುಂದರ್ತೇನಿ."

"ಎದಿ ಒಡಕೊಂಡ್ರ?"

"ಈಗೇನ್ ಚಲೋ ಐತೇನ್ರಿ?"

ಮುಂದಿನ ಅಮಾವಾಸ್ಯೆಗೆ ಶಿವಲಿಂಗವ್ವ ಬಾರದಿದ್ದ ಹುಡುಗರ ಮನೆಮನೆಗೆ ಹೋಗಿ ಕರೆದುತಂದಳು. ಹಜರತಬಿ ಅವರ ನಡುವೆಯೇ ಕುಳಿತು ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡಳು.

"ಬೇಟಿ, ನಾ ನಿನಗ ಸುಳ್ಳ ಹೇಳಿದೆ. ನಿಮ್ಮಮ್ಮ ತವರಾಗಿಲ್ಲ. ದವಾಖಾನಿಯೊಳಗ ಸತ್ತ ಹೋದ್ಲು. ತಮ್ಮನೂ ಹೋದ."

ಜೋಹರಾ ಅಜ್ಜಿಯ ತೊಡೆಯಿಂದ ಇಳಿದಳು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಸಿದ್ದವ್ವನ ಬಳಿ ನಿಂತಳು.

"ನಿಮ್ಮಪ್ಪನೂ ಹಂಗನ?"

"ಹೂಂ. ಇವರಪ್ಪನೂ ಹಂಗನ," ಎಂದು ಸಿದ್ದವ್ವ ಸಂಗಯ್ಯನ ಕಡೆ ತೋರಿಸಿದಳು.

"ನೀ ಏನ್ ಮಾಡಿದ್ದಿ?"

"ಏನೂ ಮಾಡಿದ್ದಿಲ್ಲ. ನಾನೂ ಮೊದಲ ನನ್ನಿಂದನ ಅಂತ ತಿಳಕೊಂಡಿದ್ದೆ. ಅಪ್ಪ ನೀರ್ ಕೇಳಿದಾಗ ಲಗೂನ ಕೊಟ್ಟಿದ್ದಿಲ್ಲ."

ಶಿವಲಿಂಗವ್ವ ಬೆಚ್ಚಿದಳು. ಮೂರು ವರ್ಷ ಒಂದೇ ಕೌದಿಯಲ್ಲಿ ಮಲಗಿದ ಮಗಳು ಈ ಮಾತನ್ನು ತನ್ನ ಮುಂದೆ ಹೇಳಿರಲೇ ಇಲ್ಲ.

"ಲಡಿ ಸಿಕ್ಕ ಮಾಡಿದ್ರ ಯಾರೂ ಸಾಯೂದಿಲ್ಲ," ಎಂದ ಸಂಗಯ್ಯ. "ಸಾಯೂದಾಗಿದ್ರ ಈ ಓಣ್ಯಾಗ ಒಬ್ಬರೂ ಉಳೀತಿದ್ದಿಲ್ಲ."

ಜೋಹರಾ ಆಗ ಅತ್ತಳು. ಸಿದ್ದವ್ವ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ, ಮಗ್ಗುಲಲ್ಲಿ ಕುಳಿತುಕೊಂಡಳಷ್ಟೆ. ಉಳಿದ ಹುಡುಗರೂ ಅತ್ತಿತ್ತ ಸರಿದು ಹತ್ತಿರವಾದರು. ಸಂಜೆಗೆ ತಾಯಂದಿರು ಬಂದು ಅಂಗಳದಾಚೆಯಿಂದ ಕರೆದಾಗ ಯಾರೂ ಏಳಲಿಲ್ಲ.

ಶಿವಲಿಂಗವ್ವನ ಹೆಗಲು ಸಿಡಿಯುತ್ತಿತ್ತು. ನಸುಕಿನಲ್ಲಿ ಎದ್ದು ಮತ್ತೆ ನೂಲಿಗೆ ಕೂರಬೇಕಿತ್ತು. ಆದರೂ ಗೋಡೆಗೆ ಆನಿಸಿಟ್ಟಿದ್ದ ಚಾಪೆಯನ್ನು ತಾಯಂದಿರಿಗೆಂದು ಕಟ್ಟೆಯ ಮೇಲೆ ಹಾಸಿದಳು.

"ಕುಂದರ್ರಿ. ಇವತ್ತ ತಡಾ ಆಗ್ತೈತಿ," ಎಂದಳು.